ಮಧ್ಯಾಹ್ನ ಮೂರರ ಕೋರ್ಟು

ನಮ್ಮ ಕಾಕಾ ಮಲಗಿದರೆ ದೇಶದಲ್ಲಿ ನ್ಯಾಯ ಎದ್ದು ಕೂರುತ್ತದೆ! ಉತ್ಪ್ರೇಕ್ಷೆ ಅನ್ನಬೇಡಿ. ಎಚ್ಚರಿದ್ದವರೆಲ್ಲ ಸೇರಿ ಹಿಡಿಯಲಾಗದ ಎಷ್ಟೋ ಕಂಟ್ರಾಕ್ಟರುಗಳನ್ನು, ಎಂಜಿನಿಯರುಗಳನ್ನು, ಇಬ್ಬರೋ ಮೂವರೋ ಮಂತ್ರಿಗಳನ್ನು ಅವರು ಹೈದರಾಬಾದಿನ ಲಿಂಗಂಪಲ್ಲಿಯ ಬಾಡಿಗೆ ಮನೆಯ ಆರಾಮಕುರ್ಚಿಯಲ್ಲಿ ಕಾಲು ಚಾಚಿ, ಬಾಯಿ ತೆರೆದುಕೊಂಡೇ ವಿಚಾರಣೆ ಮಾಡಿ ಮುಗಿಸಿದ್ದಾರೆ.

ಕಾಕಾ ಅಂದರೆ ನನ್ನ ಅಪ್ಪನ ತಮ್ಮ. ಕಲಬುರಗಿ ಕಡೆ ಸರ್ಕಾರಿ ಕಟ್ಟಡಗಳ ಓವರ್‌ಸಿಯರ್ ಆಗಿದ್ದು ರಿಟೈರಾದವರು. ನನಗೆ ಮಾದಾಪುರದಲ್ಲಿ ಕಂಪ್ಯೂಟರ್ ಕೆಲಸ ಸಿಕ್ಕಾಗ "ಒಬ್ಬಾಕಿನ ಹೆಂಗ ಇರ್ತಿ?" ಎಂದು ಹೆಂಡತಿಯನ್ನೂ, ಅಂದರೆ ನಮ್ಮ ಕಾಕುವನ್ನೂ, ಕರೆದುಕೊಂಡು ಬಂದುಬಿಟ್ಟರು. ಬಂದದ್ದು ನನ್ನ ಕಾವಲಿಗೆ. ಆದರೆ ಮಧ್ಯಾಹ್ನ ಮೂರಾಯಿತೆಂದರೆ ಕಾವಲುಗಾರರದೇ ಗೊರಕೆ! ಅವರು ಬಸ್ಸಿನಲ್ಲಿ ಮಲಗುವವರು, ಕ್ಷೌರದಂಗಡಿಯಲ್ಲಿ ಮಲಗುವವರು, ಒಮ್ಮೆ ಬ್ಯಾಂಕಿನ ಸಾಲಿನಲ್ಲಿ ನಿಂತೇ ಮಲಗಿ ಹಿಂದಿನವರಿಗೆಲ್ಲ ದಾರಿ ಮಾಡಿಕೊಟ್ಟವರು.

ಅದು ಹೈದರಾಬಾದು ಮೈಮರೆತು ಬೆಳೆಯುತ್ತಿದ್ದ ಕಾಲ. ಮೊನ್ನೆ ಬಂಡೆ ಇದ್ದಲ್ಲಿ ಇವತ್ತು ಗಾಜಿನ ಕಟ್ಟಡ. ಆ ಗಾಜಿನೊಳಗೆ ಮೋಡಗಳು ನಿಧಾನ ತೇಲುತ್ತಿದ್ದವು. ತಲೆಯೆತ್ತಿ ನೋಡುತ್ತಾ ನಡೆದರೆ ಸ್ವರ್ಗ. ಆದರೆ ಕೆಳಗೆ ಮುಚ್ಚಳವಿಲ್ಲದ ಗಟಾರ! ಕಾಕಾ ಬೆಳಿಗ್ಗೆ ವಾಕಿಂಗ್‌ಗೆ ಹೋಗಿ ಊರಿನ ತಪ್ಪುಗಳನ್ನೆಲ್ಲ ಸೊಪ್ಪು ಆರಿಸಿದಂತೆ ಆರಿಸಿ ತರುತ್ತಿದ್ದರು. ಆಮೇಲೆ ಊಟ, ಮಜ್ಜಿಗೆ, ಕುರ್ಚಿ, ಕನಸು. ನಾಲ್ಕಕ್ಕೆ ಕಾಕು "ಏಳ್ರಿ, ಚಹಾ ಆರತೈತಿ" ಎಂದು ಎಬ್ಬಿಸಬೇಕು. ಮೊದಲ ಗುಟುಕಿನೊಂದಿಗೆ ಆ ದಿನದ ತೀರ್ಪು ಹೊರಬೀಳಬೇಕು.

ಕನಸಿನ ಕೋರ್ಟು ಹೇಗಿತ್ತು ಅಂತೀರಿ? ಒಂದು ದೊಡ್ಡ ಬೇವಿನ ಮರವಂತೆ. ಬಿಸಿಲಿದೆ, ಸೆಕೆಯಿಲ್ಲ. ಯಾರ ಕಾಲಲ್ಲೂ ಚಪ್ಪಲಿಯಿಲ್ಲ. ಆರೋಪಿ ಬಂದ ಕೂಡಲೇ ಮೊದಲು ನೀರು-ಬೆಲ್ಲ. ವಕೀಲರಿಲ್ಲ. "ಕನಸಿನ್ಯಾಗೂ ವಕೀಲರು ಯಾಕ ಬೇಕು?" ಎಂದು ಕಾಕಾ. ಕಾನೂನೂ ಒಂದೇ ಸಾಲಿನದು: ಕಟ್ಟಿದವನೇ ಬಳಸಬೇಕು.

ನಮ್ಮ ರಸ್ತೆ ಮಾಡಿದ ಕಂಟ್ರಾಕ್ಟರನಿಗೆ ಸಿಕ್ಕ ಶಿಕ್ಷೆ ಕೇಳಿ. ನನ್ನ ಸ್ಕೂಟರಿನ ಹಿಂದೆ ಕೂತು, ತೊಡೆಯ ಮೇಲೆ ಮಜ್ಜಿಗೆ ತುಂಬಿದ ಪಾತ್ರೆ ಇಟ್ಟುಕೊಂಡು, ದಿನಾ ಲಿಂಗಂಪಲ್ಲಿಯಿಂದ ಮಾದಾಪುರಕ್ಕೆ ಹೋಗಬೇಕು.

"ಎಷ್ಟು ದಿನಾರಿ ಕಾಕಾ?"

"ಒಂದು ಹನಿ ಚೆಲ್ಲದಂಗ ಮುಟ್ಟೋ ತನಕ."

"ಹಂಗಾದ್ರ ಜೀವಾವಧಿ ಅನ್ರಿ!" ಎಂದು ಕಾಕು ಒಳಗಿನಿಂದ ಕೂಗಿದರು.

ಇನ್ನೊಬ್ಬ, ಚಾವಣಿಯಿಲ್ಲದ ಬಸ್ ನಿಲ್ದಾಣಕ್ಕೆ ಮಂಜೂರಿ ಕೊಟ್ಟ ಅಧಿಕಾರಿ. ಅವನಿಗೆ ಮೇ ತಿಂಗಳ ಮಧ್ಯಾಹ್ನ ಅಲ್ಲೇ ನಿಲ್ಲುವ ಶಿಕ್ಷೆ. ಅವನು ಗೊಳೋ ಎಂದು ಅತ್ತನಂತೆ. ಕಾಕಾನ ಕರುಳು ಕರಗಿ ಒಂದು ಕೊಡೆ ಕೊಡಿಸಿದರಂತೆ. ಇದನ್ನು ಕೇಳಿ ಕಾಕು ಸೊಂಟಕ್ಕೆ ಕೈಯಿಟ್ಟರು. "ಅದಕ್ಕ ಎರಡು ದಿನಾತು, ನಮ್ಮನಿ ಕೊಡಿ ಸಿಗವಲ್ದು!" ನಿಜ ಹೇಳಲೇ? ಆ ಕೊಡೆ ಮತ್ತೆ ಸಿಗಲೇ ಇಲ್ಲ.

ಈ ಕೋರ್ಟಿನ ಕೀರ್ತಿ ಸಮುದ್ರ ದಾಟಿದ್ದು ಒಂದು ಭಾನುವಾರ. ನಮ್ಮ ಆಫೀಸಿಗೆ ಮೂರು ತಿಂಗಳ ತರಬೇತಿಗೆಂದು ಮನಿಲಾದಿಂದ ಒಬ್ಬ ಬಂದಿದ್ದ. ಊಟಕ್ಕೆ ಕರೆತಂದೆ. ಕಾಕು ಬಡಿಸಿದ ಎಣ್ಣೆಗಾಯಿ ತಿಂದು ಅವನ ಕಣ್ಣಲ್ಲಿ ನೀರು, ಆದರೂ ಇನ್ನೊಂದು ರೊಟ್ಟಿಗೆ ಕೈ! ಕಾಕಾ ಅವನಿಗೆ ಅಲ್ಲೇ ಮನೀಲಪ್ಪ ಎಂದು ಹೆಸರಿಟ್ಟರು. ಕೋರ್ಟಿನ ಕಥೆ ಹೇಳಿದೆ. ಅವನು ನಗಲಿಲ್ಲ.

"ನಮ್ಮ ದೇಶದ ಕೇಸನ್ನೂ ತೆಗೆದುಕೊಳ್ಳುತ್ತಾರಾ?" ಎಂದು ಕೇಳಿದ.

ಅವನ ಬೀದಿ ನದಿಯ ಪಕ್ಕದ್ದು. ಪ್ರತಿ ವರ್ಷ ನೀರು ಮನೆಯೊಳಗೆ ಬರುತ್ತದೆ. ತಡೆಗೋಡೆ ಕಟ್ಟುತ್ತೇವೆಂದು ಫಲಕ ನೆಟ್ಟರು, ರಿಬ್ಬನ್ ಕತ್ತರಿಸಿದರು, ಇವನೂ ಚಪ್ಪಾಳೆ ತಟ್ಟಿದ. ಫಲಕ ಇದೆ, ಗೋಡೆ ಬರಲಿಲ್ಲ. "ಚುನಾವಣೆಗೆ ಅವರೇ ಬಂದು ಹಾಡುತ್ತಾರೆ, ನಾವೂ ಕುಣಿಯುತ್ತೇವೆ. ಅವರು ಕ್ಷಮೆ ಕೇಳುವುದರೊಳಗೇ ನಾವು ಕ್ಷಮಿಸಿಬಿಟ್ಟಿರುತ್ತೇವೆ." ನಾನು ಅದನ್ನು ಕಾಕಾನಿಗೆ ಕನ್ನಡದಲ್ಲಿ ಹೇಳಿದೆ. ಕಾಕಾ ಅವನ ಬೆನ್ನು ತಟ್ಟಿ, "ಇಂವ ನಮ್ಮ ಪೈಕಿನ ಇದ್ದಾನಲ್ಲವ್ವಾ!" ಎಂದರು.

ಮುಂದಿನ ಭಾನುವಾರ ಅವನು ತೀರ್ಪಿಗಾಗಿ ಓಡಿ ಬಂದ. ಕಾಕಾ ಚಹಾ ಬಸಿಗೆ ಸುರಿದುಕೊಂಡರು. "ಗೋಡಿ ನುಂಗಿದಾಂವನ್ನ ಗೋಡಿ ಜಾಗಾದಾಗ ಕೈ ಅಗಲಿಸಿ ನಿಲ್ಲಿಸಿದೆ. ನದಿ ಭಾಳ ಉದ್ದ ಐತಿ. ಅವನ ಹಿಂದ ಸಹಿ ಮಾಡಿದವರನ್ನೆಲ್ಲ ಕರಸಿದೆ. ಒಬ್ಬರ ಕೈ ಒಬ್ಬರು ಹಿಡಕೊಂಡು ನಿಂತ್ರು. ಆದ್ರೂ ನೀರು ಅವರ ಕಾಲಾಗ ಹಾದು ಬರಾಕತ್ತಿತ್ತು."

ಮನೀಲಪ್ಪ ಹೊಟ್ಟೆ ಹಿಡಿದು ನಕ್ಕ. ಆಮೇಲೆ ಸುಮ್ಮನೆ ತಮಾಷೆಗೆ ಕೇಳಿದ: "ಜಡ್ಜ್ ಸಾಹೇಬರನ್ನು ಯಾರು ವಿಚಾರಿಸುತ್ತಾರೆ?"

ನಾನು ನಗುತ್ತಲೇ ಅದನ್ನು ಕನ್ನಡಕ್ಕೆ ತಿರುಗಿಸಿದೆ. ಕಾಕಾ ಬಸಿ ಕೆಳಗಿಟ್ಟರು.

"ಒಂದು ಸಾಲಿ ಗೋಡಿ ಇತ್ತವ್ವಾ," ಎಂದರು. "ಹೋಗಿ ನೋಡಿ ಸಹಿ ಮಾಡಬೇಕಿತ್ತು. ಬಿಸಲು ಭಾಳಿತ್ತು. ಊಟ ಆಗಿತ್ತು, ನಿದ್ದಿ ಬರಾಕತ್ತಿತ್ತು. ಕೂತಲ್ಲೇ ಸಹಿ ಮಾಡಿ ಮಲಗಿದೆ."

ಆ ಮಳೆಗಾಲದಲ್ಲೇ ಶಾಲೆಯ ಗೋಡೆ ಬಿತ್ತಂತೆ. ಭಾನುವಾರ ಬಿತ್ತು, ಮಕ್ಕಳಿರಲಿಲ್ಲ. ನೆರಳಿಗೆ ಮಲಗಿದ್ದ ಒಂದು ಆಡು ಸತ್ತಿತು. ಆಡಿನ ಒಡತಿ, ಒಬ್ಬ ಮುದುಕಿ, ಇವರೆದುರು ಬಂದು ಕೇಳಿದಳಂತೆ: "ಇವತ್ತು ಐತವಾರ ಇರಲಿಲ್ಲಂದ್ರ ಏನಾಗ್ತಿತ್ತರಿ, ಸಾಹೇಬ್ರ?"

"ಏನಂದ್ರಿ ಕಾಕಾ?"

"ಏನೂ ಅನ್ನಲಿಲ್ಲ. ಮಳಿ ಮ್ಯಾಲೆ ಹಾಕಿ ವರದಿ ಬರದೆ. ಮ್ಯಾಲಿನವರೂ ಕೇಳಲಿಲ್ಲ. ಈಗ ದಿನಾ ಕೋರ್ಟಿನ್ಯಾಗ ಕೊನಿಗೆ ನನ್ನ ಹೆಸರು ಕೂಗತಾರ. ಎದ್ದು ನಿಲ್ಲತೀನಿ. ಅಷ್ಟರಾಗ ನಿಮ್ಮ ಕಾಕು ಚಹಾ ತರತಾಳ."

ಇಷ್ಟು ವರ್ಷ ಸಂಸಾರ ಮಾಡಿದ ಕಾಕುವಿಗೂ ಈ ಮಾತು ಹೊಸದು. ಅವರು ಬಾಗಿಲಲ್ಲೇ ನಿಂತು, "ನಾಳೆ ಎಬ್ಬಸಂಗಿಲ್ಲ ತಗೋರಿ" ಎಂದರು.

ಮರುದಿನ ನಾನೂ ರಜೆ ಹಾಕಿದೆ. ಮ್ಯಾನೇಜರಿಗೆ ಕೋರ್ಟ್ ಕೆಲಸ ಅಂದೆ. ಸುಳ್ಳೇನಲ್ಲವಲ್ಲ! ನಾಲ್ಕಾಯಿತು. ಕಾಕು ಚಹಾ ಹಿಡಿದು ಕುರ್ಚಿಯ ಪಕ್ಕ ನಿಂತರು. ಚಹಾ ಕೆನೆಗಟ್ಟಿತು. ಕಾಕಾನ ತುಟಿ ಅಲುಗಿತು, ಹುಬ್ಬು ಗಂಟಾಯಿತು, ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು. ನಾನು ಎಬ್ಬಿಸಲು ಹೋದರೆ ಕಾಕು ನನ್ನ ಕೈ ಹಿಡಿದುಕೊಂಡರು. ಐದರ ಸುಮಾರಿಗೆ ಕಾಕಾ ತಾವಾಗಿಯೇ ಕಣ್ಣು ತೆರೆದರು.

"ನನ್ನ ಕುರ್ಚಿಯಾಗ ಆ ಮುದುಕಿ ಕೂತಿದ್ಲು. ನೀರು-ಬೆಲ್ಲ ಕೊಟ್ಲು."

"ಶಿಕ್ಷೆ?"

"ಶಿಕ್ಷಾ ಏನೂ ಹೇಳಲಿಲ್ಲ. ‘ಇಲ್ಲಿ ಹೇಳಿದ್ರ ಯಾರಿಗೆ ಕೇಳಸ್ತೈತೋ? ಊರಿಗೆ ಬಾ, ಎಚ್ಚರಿದ್ದು ಹೇಳು’ ಅಂದ್ಳು."

ಕಾಕು ಆ ತಣ್ಣಗಿನ ಚಹಾವನ್ನು ತಾವೇ ಗಟಗಟ ಕುಡಿದು, "ರೈಲು ಎಷ್ಟಕ್ಕೈತಿ?" ಎಂದು ನನ್ನನ್ನು ಕೇಳಿದರು.

ಮನೀಲಪ್ಪನಿಗೆ ವಿಷಯ ತಿಳಿಸಿದೆ. "ನಮ್ಮ ಬೀದಿಗೂ ಒಬ್ಬ ಹೀಗೆ ಬರಲಿ. ಬಂದು, ನಾನೇ ಅಂತ ಹೇಳಲಿ. ಇಡೀ ಬೀದಿ ಅವನಿಗೆ ಊಟ ಹಾಕುತ್ತದೆ," ಎಂದ.

ಕಾಕಾ, ಕಾಕು, ನಾನು ಮೂವರೂ ಹೊರಟೆವು. ಲಿಂಗಂಪಲ್ಲಿ ಬಿಟ್ಟು, ಬಂಡೆಗಳು ಮುಗಿದು, ತೊಗರಿ ಹೊಲಗಳು ಶುರುವಾದವು. ಆ ಮುದುಕಿ ಬದುಕಿದ್ದಾಳೋ ಇಲ್ಲವೋ ನಮಗೆ ಗೊತ್ತಿರಲಿಲ್ಲ. ಇಲ್ಲದಿದ್ದರೆ ಶಾಲೆಯ ಮೇಷ್ಟರ ಎದುರಾದರೂ ಹೇಳುತ್ತೇನೆಂದು ಕಾಕಾ ನಿಶ್ಚಯಿಸಿದ್ದರು.

"ನೀ ಆ ಮುದುಕಿ ಆಗು. ಕೇಳು ನನ್ನ," ಎಂದರು ಕಾಕಾ ನನಗೆ.

ನನಗೆ ನಗು ಬಂತು. ಆದರೆ ಅವರ ಮುಖ ನೋಡಿ ಕೇಳಿದೆ, "ಇವತ್ತು ಐತವಾರ ಇರಲಿಲ್ಲಂದ್ರ ಏನಾಗ್ತಿತ್ತರಿ, ಸಾಹೇಬ್ರ?"

"ಸಹಿ ಮಾಡಿದಾಂವ ನಾನರಿ ಅವ್ವಾ. ನೋಡದನ ಮಾಡಿದೆ." ನೆಟ್ಟಗೆ ಕೂತರು. "ಇನ್ನೊಮ್ಮೆ ಕೇಳು."

ಮತ್ತೊಮ್ಮೆ ಕೇಳಿದೆ. ಈ ಮನುಷ್ಯನನ್ನು ನಾನು ಎಷ್ಟು ವರ್ಷ ಬರೀ ನಗುವುದಕ್ಕೆ ಇಟ್ಟುಕೊಂಡಿದ್ದೆ!

ಮೂರು ಗಂಟೆಯಾಯಿತು. ರೈಲಿನ ಡಬ್ಬಿಯಲ್ಲಿದ್ದವರೆಲ್ಲ ತೂಕಡಿಸುತ್ತಿದ್ದರು. ಕಾಕು ತಮ್ಮ ಭುಜ ಸರಿಮಾಡಿಕೊಂಡು, "ತುಸು ಮಲಗ್ರಿ, ಊರು ಬಂದ್ರ ಎಬ್ಬಸ್ತೀನಿ" ಎಂದರು.

ಕಾಕಾ ಅವರ ಕೈ ಹಿಡಿದುಕೊಂಡರು. "ಬ್ಯಾಡ. ಇವತ್ತು ಎಚ್ಚರ ಇರ್ತೀನಿ."