ದೊಡ್ಡ ಮಾವನ ಮೀನೆಣ್ಣೆ

ಮೆದುಳಿನ ಬಗ್ಗೆ ನನ್ನ ದೊಡ್ಡ ಮಾವನಷ್ಟು ತಲೆಬಿಸಿ ಮಾಡಿಕೊಂಡವರು ಇಡೀ ಮಂಗಳೂರಿನಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ. ತಮ್ಮ ಮೆದುಳಿನ ಬಗ್ಗೆ ಅಲ್ಲ. ಅದು ಸರಿಯಾಗಿಯೇ ಇದೆ ಎಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ. ಚಿಂತೆಯೆಲ್ಲ ಉಳಿದವರದ್ದು!

ಎಪ್ಪತ್ತರ ದಶಕದ ಕೊನೆಯಲ್ಲಿ, ಯಾವುದೋ ವಾರಪತ್ರಿಕೆಯ ಆರೋಗ್ಯದ ಪುಟದಲ್ಲಿ, ಮೆದುಳಿನ ಬಹುಪಾಲು ಕೊಬ್ಬೇ ಎಂದು ಅವರು ಓದಿಬಿಟ್ಟರು. ಬಿಜೈಯಲ್ಲಿದ್ದ ಅವರ ಮನೆಯ ನೆಮ್ಮದಿ ಅಂದಿಗೆ ಮುಗಿಯಿತು. ತಿಂದ ಕೊಬ್ಬು ನೇರ ತಲೆಗೆ ಏರುತ್ತದೆ, ಕೆಟ್ಟ ಕೊಬ್ಬು ತಿಂದವನಿಗೆ ಕೆಟ್ಟ ಚಟ ಹಿಡಿಯುತ್ತದೆ ಎಂಬುದು ಅವರ ಸಿದ್ಧಾಂತ. ವನಸ್ಪತಿ ಡಬ್ಬಿ ಅಂಗಳಕ್ಕೆ ಬಿತ್ತು.

"ಗಟ್ಟಿಯಾಗುವ ಎಣ್ಣೆ ತಿಂದರೆ ಮೆದುಳೂ ಗಟ್ಟಿಯಾಗ್ತದೆ."

ನನ್ನ ಅಮ್ಮ ಅವರ ತಂಗಿ, ಸುಮ್ಮನಿರುವವಳಲ್ಲ. "ತೆಂಗಿನೆಣ್ಣೆಯೂ ಚಳಿಗೆ ಗಟ್ಟಿಯಾಗ್ತದಲ್ಲ ಅಣ್ಣ?"

"ಅದಕ್ಕೇ ದೇವರು ಮಂಗಳೂರಿಗೆ ಚಳಿ ಕೊಡಲಿಲ್ಲ."

ಇಂಥವರ ಹತ್ತಿರ ವಾದ ಮಾಡುವುದುಂಟೇ? ಈ ಉಪನ್ಯಾಸದ ನಡುವೆಯೇ ಅವರ ಮೂಗಿಗೆ ಒಂದು ಚಿಟಿಕೆ ನಶ್ಯ ಏರುತ್ತಿತ್ತು. ಇದು ಚಟವಲ್ಲವೇ ಎಂದು ನಾನೊಮ್ಮೆ ಕೇಳಿದೆ. "ಚಟ ಹಿಡಿಯುವುದು ಮೆದುಳಿಗೆ. ಇದು ಮೂಗಿನ ವಿಷಯ" ಎಂದು ಡಬ್ಬಿ ಮುಚ್ಚಿದರು.

ಈ ಸಿದ್ಧಾಂತಕ್ಕೆ ಮನೆಯಲ್ಲೇ ಒಬ್ಬ ರೋಗಿಯಿದ್ದರು, ಅವರ ತಮ್ಮ, ನನ್ನ ಸಣ್ಣ ಮಾವ. ಹಗಲೆಲ್ಲ ಮನೆಯವರ ಹೋಟೆಲಿನ ಗಲ್ಲಾದಲ್ಲಿ ಕೂತು, ಸಂಜೆಯಾದರೆ ಗಡಂಗಿಗೆ, ಅಂದರೆ ಸಾರಾಯಿ ಅಂಗಡಿಗೆ ಹೋಗುತ್ತಿದ್ದರು. ಸಹಿಸಿ ಸಾಕಾದ ಸಣ್ಣ ಅತ್ತೆ ಮಗಳನ್ನು ಎತ್ತಿಕೊಂಡು ವಾಮಂಜೂರಿನ ತವರಿಗೆ ಹೊರಟುಹೋಗಿದ್ದರು. ಕುಡಿತ ಬಿಟ್ಟರೆ ಮಾತ್ರ ವಾಪಸು ಬರುತ್ತೇನೆ ಎಂದು ಹೇಳಿಯೇ ಹೋಗಿದ್ದರು.

ಇದಕ್ಕೆ ಬೂತಾಯಿ ಮೀನಿನ ಕೊಬ್ಬೇ ಮದ್ದು ಎಂದು ದೊಡ್ಡ ಮಾವ ತೀರ್ಮಾನಿಸಿದರು. ಆದರೆ ಮಳೆಗಾಲ, ದೋಣಿಗಳೆಲ್ಲ ದಡದಲ್ಲಿ. ಬಿಡುತ್ತಾರೆಯೇ? ಬಂದರಿಗೆ ಹೋಗಿ ಬಾಟ್ಲಿ ತುಂಬ ಮೀನೆಣ್ಣೆ ತಂದರು. ಮುಚ್ಚಳ ತೆಗೆದದ್ದೇ ತಡ, ಬೆಕ್ಕುಗಳು ಒಳಗೆ ಬಂದವು, ನೆಂಟರು ಹೊರಗೆ ಹೋದರು.

ಸಣ್ಣ ಮಾವ ಮೂಸಿ ನೋಡಿದರು. "ಅಣ್ಣ, ಇದು ದೋಣಿಗೆ ಬಳಿಯುವ ಎಣ್ಣೆ. ಮರ ನೀರು ಕುಡಿಯಬಾರದು ಅಂತ ಬಳಿಯುವುದು."

"ಒಳ್ಳೆದೇ ಆಯ್ತಲ್ಲ ಮಾರಾಯ. ನೀನೂ ಕುಡಿಯಬಾರದು ಅಂತಲೇ ತಂದದ್ದು."

ಸಂಜೆ ಸಣ್ಣ ಮಾವ ಹೋಟೆಲಿನಿಂದ ಬಂದ ಕೂಡಲೇ ಚಿಕಿತ್ಸೆ. ಮೊದಲ ಚಮಚ ದೊಡ್ಡ ಮಾವ ಕುಡಿದು ತೋರಿಸುವುದು, ಎರಡನೆಯದು ತಮ್ಮನಿಗೆ. ಅದನ್ನು ಕುಡಿದು ಗಡಂಗಿಗೆ ಹೋದರೆ ಅವರು ಕೂತ ಬೆಂಚು ಖಾಲಿಯಾಗುತ್ತಿತ್ತಂತೆ. "ನೀವು ಹೊರಗೆ ಕೂತ್ಕೊಳ್ಳಿ ಅಣ್ಣ, ನಿಮ್ಮ ವಾಸನೆಗೆ ಬೇರೆಯವರಿಗೆ ಗಂಟಲಲ್ಲಿ ಇಳಿಯುವುದಿಲ್ಲ" ಎಂದು ಅಂಗಡಿಯವನೇ ಕೈಮುಗಿದನಂತೆ. ಸಣ್ಣ ಮಾವ ಉಪಾಯ ಹೂಡಿದರು. ಮೊದಲು ಗಡಂಗು, ಆಮೇಲೆ ಮನೆ.

ಆದರೂ ಮಳೆ ನಿಂತು ಹೊಸ ಬೂತಾಯಿ ಬರುವಷ್ಟರಲ್ಲಿ ಅವರು ಕುಡಿತ ಬಿಟ್ಟಿದ್ದರು. ಕೆಲವು ತಿಂಗಳು ಕಾದು ನೋಡಿ ಸಣ್ಣ ಅತ್ತೆ ಮಗಳನ್ನು ಕರೆದುಕೊಂಡು ಬಂದಿಳಿದರು. ದೊಡ್ಡ ಮಾವನನ್ನು ಹಿಡಿಯುವವರಿಲ್ಲ! ಬಸ್ಸಿಗೆ ಕಾದು ನಿಂತ ಅಪರಿಚಿತರಿಗೂ ಕೊಬ್ಬಿನ ಮಹಿಮೆ ಹೇಳಿದರು.

ದೊಡ್ಡ ಮಾವ ತೀರಿಕೊಂಡ ಮೇಲೆ ಒಂದು ದಿನ ಸಣ್ಣ ಮಾವನನ್ನು ಕೇಳಿದೆ, ನಿಜವಾಗಿಯೂ ಆ ಎಣ್ಣೆಯಿಂದಲೇ ಬಿಟ್ಟದ್ದಾ ಎಂದು.

"ಎಣ್ಣೆಯಿಂದ ಎಂತ ಆಗ್ತದೆ? ನಾನು ಕುಡಿದು ಬಂದ ದಿನ ನನಗೆ ಕೊಡ್ತಾ ಇರಲಿಲ್ಲ. 'ನಿನ್ನ ಪಾಲಿನದ್ದು ಯಾರಾದರೂ ಕುಡಿಯಬೇಕಲ್ಲ' ಅಂತ ಎರಡು ಚಮಚವೂ ಅಣ್ಣನೇ ಕುಡಿಯುತ್ತಿದ್ದ. ಮತ್ತೆ ಬಾವಿಯ ಹಿಂದೆ ಹೋಗಿ ವಾಂತಿ ಮಾಡುವುದು ನನಗೆ ಒಳಗೆ ಕೇಳುತ್ತಿತ್ತು. ಎಷ್ಟು ದಿನ ಅಂತ ಅದನ್ನು ಕೇಳಿಕೊಂಡು ಕುಡಿಯುವುದು?"

"ಇದನ್ನು ಅವರಿಗೆ ಹೇಳಲಿಲ್ಲವಾ?"

"ಇಲ್ಲ. ಕೊಬ್ಬು ಗೆದ್ದಿತು ಅಂತ ಅವನಿಗೆ ಅಷ್ಟು ಖುಷಿ ಇತ್ತಲ್ಲ."

ಸಣ್ಣ ಮಾವನೇ ಮುಂದುವರಿಸಿದರು, "ಕುಡಿಯಬೇಕು ಅಂತ ಈಗಲೂ ಆಗ್ತದೆ. ಆಗ ಹೋಗಿ ಬಾವಿಯ ಹಿಂದೆ ನಿಲ್ತೇನೆ."