ಹತ್ತು ಸಾವಿರ ಡಿಗ್ರಿಯ ಟ್ಯೂಬ್‌ಲೈಟು

ಅರೆಬರೆ ತಿಳಿದವರಿಂದ ಲೋಕಕ್ಕೆ ಆಗುವ ಹಾನಿಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಪೂರ್ತಿ ತಿಳಿದವರು ಮಾವನ ಮನೆಗೆ ಹೋದರೆ ಆಗುವ ಹಾನಿಯ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಆ ಲೋಕಸೇವೆಯನ್ನು ನಾನೇ ಮಾಡಬೇಕಾಗಿದೆ. ಆಗ ನಾನು ಚಾಮರಾಜನಗರದಲ್ಲಿ ಹೈಸ್ಕೂಲು ವಿಜ್ಞಾನದ ಮೇಷ್ಟ್ರು. ಘನ, ದ್ರವ, ಅನಿಲಗಳಲ್ಲದೆ ವಸ್ತುವಿಗೆ ಪ್ಲಾಸ್ಮಾ ಎಂಬ ನಾಲ್ಕನೆಯ ಸ್ಥಿತಿಯೂ ಇದೆ, ಅಲ್ಲಿ ಎಲೆಕ್ಟ್ರಾನುಗಳು ಪರಮಾಣುವನ್ನು ಬಿಟ್ಟು ಸ್ವತಂತ್ರವಾಗಿ ಓಡಾಡುತ್ತವೆ ಎಂದು ಪತ್ರಿಕೆಯೊಂದರಲ್ಲಿ ಓದಿ, ಅದರ ಉಷ್ಣತೆ, ಸಾಂದ್ರತೆಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದೆ. ಅಲ್ಲಿ ಒಂದು ಕಣದ ಪ್ರಭಾವ ಕೂದಲೆಳೆಯಷ್ಟು ದೂರವೂ ಹೋಗುವುದಿಲ್ಲವಂತೆ. ಸುತ್ತಲಿನ ವಿರುದ್ಧ ಕಣಗಳು ಅದನ್ನು ಮುಚ್ಚಿಹಾಕುತ್ತವೆ. ನಮ್ಮ ಮನೆಯಲ್ಲಿ ನನ್ನ ಪ್ರಭಾವವೂ ಅಷ್ಟೇ. ಆದರೆ ಮಾವನ ಮನೆಯಲ್ಲಿ ಅಳಿಯನ ಮಾತನ್ನು ತೆಗೆದುಹಾಕುವ ಪದ್ಧತಿಯಿಲ್ಲ.

ಮಾವ ಪುಟ್ಟಬಸಪ್ಪನವರದು ಗುಂಡ್ಲುಪೇಟೆಯಲ್ಲಿ ಬಟ್ಟೆ ಅಂಗಡಿ. ಹಳದಿ ಬಲ್ಬಿನ ಬೆಳಕಿನಲ್ಲಿ ಹಸಿರೆಂದು ಕೊಂಡ ಸೀರೆ ಬೆಳಗಾದರೆ ನೀಲಿಯಾಗಿ ವಾಪಸು ಬರುತ್ತಿತ್ತು. ಇದರಿಂದ ರೋಸಿಹೋಗಿ ಹಬ್ಬದ ವ್ಯಾಪಾರಕ್ಕೆಂದು ಅವರು ಟ್ಯೂಬ್‌ಲೈಟು ಹಾಕಿಸಿದರು. ನಾನು ಹೋದಾಗ ಮದುವೆ ಹೆಣ್ಣನ್ನು ತೋರಿಸುವವರ ಹಾಗೆ ತೋರಿಸಿದರು. ಉರಿಯುವ ಟ್ಯೂಬಿನೊಳಗೆ ಇರುವುದೂ ನಾನು ಬಾಯಿಪಾಠ ಮಾಡಿದ ಪ್ಲಾಸ್ಮಾವೇ. ನಾನು ಸುಮ್ಮನಿರಬಹುದಿತ್ತು.

"ಮಾವ, ಇದರೊಳಗಿನ ಎಲೆಕ್ಟ್ರಾನುಗಳ ಉಷ್ಣತೆ ಹತ್ತಿರ ಹತ್ತಿರ ಹತ್ತು ಸಾವಿರ ಡಿಗ್ರಿ!" ಎಂದೆ.

ಮಾವ ಒಮ್ಮೆ ಟ್ಯೂಬನ್ನೂ ಒಮ್ಮೆ ಸೀರೆಗಳ ರಾಶಿಯನ್ನೂ ನೋಡಿದರು. "ಅತ್ತು ಸಾವ್ರವಾ?" ಎಂದವರೇ, ಅದನ್ನು ಹಾಕಿ ಇನ್ನೂ ಅಲ್ಲೇ ಇದ್ದ ವೈರ್‌ಮನ್ ಮಾದಯ್ಯನಿಗೆ, "ಇಳ್ಸ್‌ಬುಡ್ಲಾ ಅದ! ಅಂಗ್ಡಿ ಸುಟ್ಟೋದದು!" ಎಂದರು.

"ಮುಟ್ ನೋಡಿ ಬುದ್ಧಿ, ಉಗುರು ಬೆಚ್ಚಗದೆ, ಅಷ್ಟೆ" ಎಂದ ಮಾದಯ್ಯ.

"ನಿಂಗೇನ್ಲಾ ಗೊತ್ತು? ಓದಿರೋ ಅಳಿಯಂದ್ರು ಯೋಳವ್ರೆ."

ನಾನು ಗಾಬರಿಯಾಗಿ ಸಾಂದ್ರತೆಗೆ ಬಂದೆ. ಉಷ್ಣತೆ ಹೆಚ್ಚಾದರೂ ಎಲೆಕ್ಟ್ರಾನುಗಳು ಬಹಳ ಹಗುರ, ಬಹಳ ಕಡಿಮೆ. ಗಾಜನ್ನು ಸುಡುವಷ್ಟು ಶಾಖ ಅವುಗಳಲ್ಲಿಲ್ಲ ಎಂದು ಕಾಲು ಗಂಟೆ ವಿವರಿಸಿದೆ. ತರಗತಿಯಲ್ಲಿ ಅಷ್ಟು ಚೆನ್ನಾಗಿ ಎಂದೂ ಪಾಠ ಮಾಡಿರಲಿಲ್ಲ. ಮಾವ ಕೈಕಟ್ಟಿಕೊಂಡು ಕೇಳಿ, "ಅದೆಲ್ಲ ಸರಿ ಅಳಿಯಂದ್ರೆ. ಅತ್ತು ಸಾವ್ರ ಅನ್ನೋದು ದಿಟವಾ, ಸುಳ್ಳಾ?" ಎಂದರು.

"ದಿಟ."

"ಇಳ್ಸ್‌ಲಾ ಮಾದಯ್ಯ."

ಮಾದಯ್ಯ ಏಣಿ ಹತ್ತಿದ. ಮಾವ ಹಳೆಯ ಬಲ್ಬನ್ನು ಪಂಚೆಯ ತುದಿಯಿಂದ ಒರೆಸತೊಡಗಿದರು. ಎರಡು ವರ್ಷ ಆಸೆಪಟ್ಟು ತರಿಸಿದ ದೀಪವನ್ನು ನನ್ನ ಮೇಲಿನ ಮರ್ಯಾದೆಗಾಗಿ ಕಳೆದುಕೊಳ್ಳುತ್ತಿದ್ದ ಆ ಮುಖ ನೋಡಿ ನಿಜಕ್ಕೂ ಸಂಕಟವಾಯಿತು. ಇನ್ನು ಉಳಿದಿದ್ದು ಒಂದೇ ದಾರಿ.

"ತಪ್ಪಾಯ್ತು ಮಾವ. ಒಂದೆರಡು ಸೊನ್ನೆ ಹೆಚ್ಚಿಗೆ ಹೇಳಿಬಿಟ್ಟೆ. ನೂರೂ ಇಲ್ಲ" ಎಂದೆ.

ಮಾವನ ಮುಖ ಟ್ಯೂಬಿಗಿಂತ ಮೊದಲೇ ಬೆಳಗಿತು. ಅಷ್ಟು ಹೊತ್ತು ಹೇಳಿದ ಸತ್ಯವನ್ನೆಲ್ಲ ಬಿಟ್ಟು ಈ ಒಂದು ಸುಳ್ಳನ್ನು ಅವರು ತಕ್ಷಣ ನಂಬಿದರು. ಆ ಹಬ್ಬದಲ್ಲಿ ವ್ಯಾಪಾರ ಜೋರಾಗಿತ್ತು, ಹಸಿರು ಸೀರೆ ಮನೆಗೆ ಹೋದಮೇಲೂ ಹಸಿರಾಗಿಯೇ ಇತ್ತು.

ನಾನು ತಪ್ಪೊಪ್ಪಿಕೊಂಡ ಮರುದಿನವೇ ನನ್ನನ್ನು ಬಸ್ಸು ಹತ್ತಿಸಲು ಬಂದ ಮಾವ ಅತ್ತಿತ್ತ ನೋಡಿ, ಯಾರಿಗೂ ಕೇಳಿಸದಂತೆ ಹೇಳಿದರು: "ನಾನು ಯಾರ್ಗೂ ಯೋಳಾಕಿಲ್ಲ ಬುಡಿ. ಆದ್ರೂ ಇಸ್ಕೂಲ್ನಲ್ಲಿ ಮಕ್ಳಿಗೆ ಯೋಳ್ಕೊಡಾಗ, ಯಾರಾದ್ರೂ ಗೊತ್ತಿರೋರ ಒಂದ್ ಮಾತು ಕೇಳ್ಕಂಡು ಯೋಳ್ಕೊಡಿ."