ತೂಬಿನ ಕಲ್ಲಿನ ತಾರೀಖು

ತಾರೀಖು ಕೇಳದೆ ಯಾವುದನ್ನೂ ನಂಬದಿರುವುದು ಒಂದು ವಿದ್ಯೆಯೆಂದು ನಾನು ಬಹುಕಾಲ ತಿಳಿದಿದ್ದೆ. ಅದೊಂದು ಚಟವೂ ಹೌದೆಂಬುದು ನಿವೃತ್ತಿಯ ನಂತರ ಗೊತ್ತಾಯಿತು. ನಶ್ಯದ ಡಬ್ಬಿ ಬರಿದಾದಾಗ ನಶ್ಯ ಸೇದುವವರ ಕೈ ನಡುಗುವಂತೆ, ದಿನಕ್ಕೊಂದು ದಾಖಲೆಯನ್ನಾದರೂ ಇನ್ನೊಂದರೊಡನೆ ಹೋಲಿಸಿ ನೋಡದಿದ್ದರೆ ನನಗೆ ಊಟ ಸೇರುವುದಿಲ್ಲ. ಹಳೆಯ ಕಾಗದಪತ್ರಗಳನ್ನು ಪರಿಶೀಲಿಸುವ ಸಂಸ್ಥೆಯೊಂದರಲ್ಲಿ ಇದ್ದಷ್ಟು ಕಾಲ ಈ ಚಟಕ್ಕೆ ಸಂಬಳ ಬರುತ್ತಿತ್ತು. ಈಗ ಡೊಂಬಿವಲಿಯ ಮನೆಯಲ್ಲಿ ಅದಕ್ಕೆ ಬೈಗುಳ ಮಾತ್ರ ಬರುತ್ತದೆ. ಠಾಣೆಯಲ್ಲಿ ಹೋಟೆಲು ನಡೆಸುವ ನನ್ನ ಷಡ್ಡಕರು ಬಾಗಿಲ ಮೇಲೆ ಸ್ಥಾಪನೆಯ ವರ್ಷವನ್ನು ದೊಡ್ಡ ಅಕ್ಷರಗಳಲ್ಲಿ ಬರೆಸಿದಾಗ, ಅದು ನಿಜಕ್ಕಿಂತ ಎರಡು ವರ್ಷ ಹಿಂದಿನದೆಂದು ಅವರ ಪರವಾನಗಿಯ ಪ್ರತಿಯನ್ನೇ ತೋರಿಸಿ ಸಾಧಿಸಿದ್ದೆ. ಅವರು ಬೋರ್ಡನ್ನು ತಿದ್ದಲಿಲ್ಲ. ಆದರೆ ಅಂದಿನಿಂದ ಅಲ್ಲಿ, ನನ್ನ ನಂತರ ಬಂದವರು ಕೈ ತೊಳೆದು ಹೊರಟ ಮೇಲೆ ನನ್ನ ದೋಸೆ ಬರುತ್ತದೆ. ಇದನ್ನೂ ನಾನು ಗಡಿಯಾರ ನೋಡಿ ಖಚಿತಪಡಿಸಿಕೊಂಡಿದ್ದೇನೆ.

ಇಂಥವನಿಗೆ ಸಕ್ಕರೆ ಕಾಯಿಲೆ ಬಂದು, ವೈದ್ಯರು ಸೈಕಲ್ ತುಳಿಯಲು ಹೇಳಿದರು. ನಮ್ಮದೇ ಸೊಸೈಟಿಯ ಗುರುಸಿದ್ಧಪ್ಪನವರು ಜೊತೆಯಾದರು. ಅವರು ವಿಜಯಪುರದ ಕಡೆಯವರು, ರೈಲ್ವೆಯಲ್ಲಿ ದುಡಿದು ವಿಶ್ರಾಂತರಾದವರು. ಹೊರಡುವ ವೇಳೆಯಲ್ಲಿ ನನಗಿಂತ ಕಟ್ಟುನಿಟ್ಟು, ಬುತ್ತಿಯ ವಿಷಯದಲ್ಲಿ ನನಗಿಂತ ಉದಾರಿ. ಭಾನುವಾರ ಬೆಳಿಗ್ಗೆ ಹಳಿ ದಾಟಿ ಪಶ್ಚಿಮಕ್ಕೆ ಹೋದರೆ, ಕಟ್ಟಡಗಳು ಮುಗಿದಲ್ಲಿ ಖಾಡಿ ಸಿಗುತ್ತದೆ. ಸಮುದ್ರ ತನ್ನ ಕೈಯನ್ನು ನದಿಯೊಳಗೆ ಚಾಚಿದಂತಿರುವ ಆ ನೀರಿನ ಒಂದು ಬದಿಗೆ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲ ಗಿಡಗಳು, ಕೆಸರು, ಕೊಕ್ಕರೆ. ಇನ್ನೊಂದು ಬದಿಗೆ ಮಣ್ಣಿನ ಒಡ್ಡು, ಒಡ್ಡಿನ ಈಚೆ ಭತ್ತದ ಗದ್ದೆ. ಹಕ್ಕಿ ನೋಡಲು ಬರುವವರು ಕತ್ತೆತ್ತಿ ನಡೆಯುತ್ತಾರೆ. ನಾನು ಕತ್ತು ಬಗ್ಗಿಸಿ ಮೋರಿ, ಬಾವಿಕಟ್ಟೆ, ಗಡಿಕಲ್ಲುಗಳಲ್ಲಿ ವರ್ಷ ಹುಡುಕುತ್ತ ನಡೆಯುತ್ತೇನೆ.

ನಾನು ಹೇಳಬೇಕಾದ ಭಾನುವಾರ ಮಹಾಲಯ ಅಮಾವಾಸ್ಯೆ. ಹಿಂದಿನ ದಿನವೆಲ್ಲ ನಾನು ಗೋಡೆಯ ಮರಾಠಿ ಕ್ಯಾಲೆಂಡರನ್ನೂ ಉಡುಪಿಯಿಂದ ತರಿಸುವ ಪಂಚಾಂಗವನ್ನೂ ಎದುರುಬದುರು ಇಟ್ಟು, ತಿಥಿಯ ಆರಂಭದಲ್ಲಿ ಅವೆರಡಕ್ಕಿರುವ ಕೆಲವು ನಿಮಿಷಗಳ ವ್ಯತ್ಯಾಸವನ್ನು ಟಿಪ್ಪಣಿ ಮಾಡಿಕೊಂಡಿದ್ದೆ. ಹೊರಡುವಾಗ ಹೆಂಡತಿ ಸುಮತಿ ಬಾಗಿಲಲ್ಲಿ ನಿಂತು, "ಅಮಾವಾಸ್ಯೆ ಯಾವಾಗ ಶುರು ಅಂತ ಬರ್ದಿಟ್ರೆ ಸಾಕಾ ಮಾರಾಯ್ರೆ? ಎಡೆ ಇಡ್ಲಿಕ್ಕೆ ಜನ ಬೇಡ್ವಾ? ಹತ್ತು ಗಂಟೆಯೊಳಗೆ ಬನ್ನಿ" ಎಂದಳು.

ಎಂಟರ ಸುಮಾರಿಗೆ ನೀರು ಇಳಿದಿತ್ತು. ಒಡ್ಡಿನ ನಡುವೆ ಒಂದು ತೂಬು ಕಂಡಿತು: ಎರಡು ಕಲ್ಲುಕಂಬ, ಅವುಗಳಲ್ಲಿ ಕೊರೆದ ಸೀಳಿನಲ್ಲಿ ಇಳಿಸಿದ ಮರದ ಹಲಗೆ. ಮಳೆಯ ಸಿಹಿನೀರು ಹೆಚ್ಚಾದರೆ ಹಲಗೆ ಎತ್ತಿ ಹೊರಗೆ ಬಿಡುತ್ತಾರೆ. ಖಾಡಿಯ ಉಪ್ಪುನೀರು ಏರಿದರೆ ಅದೇ ಹಲಗೆ ಗದ್ದೆಯನ್ನು ಕಾಯುತ್ತದೆ. ಕಂಬ ಹಲಗೆಗಳ ಸಂದಿಗೆ ದಪ್ಪನೆಯ ಜೇಡಿಮಣ್ಣು ಅಂಟಿಕೊಂಡು ಕಲ್ಲಿನ ಮುಖವನ್ನೇ ಮುಚ್ಚಿತ್ತು. ಅದರ ಕೆಳಗೆ ಗೆರೆಯೊಂದು ಇಣುಕಿದಂತಾಯಿತು. ಬುತ್ತಿಯ ಚಮಚ ಕೊಡಿರೆಂದು ಗುರುಸಿದ್ಧಪ್ಪನವರನ್ನು ಕೇಳಿದೆ.

"ಸರ, ಇದು ಯಾರೋ ಮೆತ್ತಿದ್ದದ. ಮೆತ್ಯಾರಂದ್ರ ಏನೋ ಕಾರಣ ಇರ್ತದ."

"ಯಾರೂ ಮೆತ್ತಿದ್ದಲ್ಲ. ಕಾಲಕ್ರಮದಲ್ಲಿ ಸಂಚಯವಾದದ್ದು. ಕಡಿಮೆಯೆಂದರೂ ಐವತ್ತು ವರ್ಷದ ಮಣ್ಣು."

"ಐವತ್ತು ವರ್ಷದ ಮಣ್ಣು ಇಷ್ಟು ಹಸೀ ಇರ್ತದೇನ್ರಿ?"

"ಖಾಡಿಯ ತೇವ" ಎಂದೆ.

ರೈಲಿನ ಸಿಗ್ನಲ್ಲಿನ ವಿಷಯವಾಗಿದ್ದರೆ ಅವರು ಇಷ್ಟು ಬೇಗ ಬಿಟ್ಟುಕೊಡುತ್ತಿರಲಿಲ್ಲ. ನನ್ನ ವಿದ್ವತ್ತಿಗೆ ಮಣಿದು ಚಮಚ ಕೊಟ್ಟರು. ಮಣ್ಣಿನಲ್ಲಿ ಹುಲ್ಲು ಬೆರೆತಿತ್ತು. ಬಿಡಿಸಲು ಪೂರ್ತಿ ಅರ್ಧ ಗಂಟೆ ಹಿಡಿಯಿತು. ಕೆಳಗಿದ್ದದ್ದು ಬರಿಯ ಉಳಿಯ ಗೀರು. ವರ್ಷವೂ ಇಲ್ಲ, ಹೆಸರೂ ಇಲ್ಲ. ಬಿದ್ದ ಮಣ್ಣಿನಲ್ಲಿ ಎರಡು ಹಿಡಿಯನ್ನು ಗಾಯಕ್ಕೆ ಮುಲಾಮು ಹಚ್ಚುವ ಹಾಗೆ ಸವರಿ, ಕೈ ತೊಳೆದುಕೊಂಡು ಮನೆಗೆ ಬಂದೆ.

ಸ್ನಾನ, ತರ್ಪಣ, ಎಡೆ ಎಲ್ಲ ಮುಗಿದು, ಕಾಗೆ ಬಂದು ಮುಟ್ಟಿ, ನಾವು ಊಟಕ್ಕೆ ಕೂತಾಗ ಹನ್ನೆರಡೂವರೆ. ಸುಮತಿಯ ತವರು ಮಲ್ಪೆಯ ಹತ್ತಿರ. ಪಾಯಸ ಬಡಿಸುತ್ತ ಅವಳು ತನ್ನಷ್ಟಕ್ಕೆ ಹೇಳಿದಳು: "ಅಮಾವಾಸ್ಯೆ ದಿನ ಅಜ್ಜಿ ನಮ್ಮನ್ನು ಕಡಲ ಬದಿಗೆ ಬಿಡ್ತಿರ್ಲಿಲ್ಲ. ಮಧ್ಯಾಹ್ನ ನೀರು ತೆಂಗಿನ ಬುಡಕ್ಕೆ ಬರ್ತಿತ್ತು. ಇಲ್ಲಿಯೂ ಈಗ ಏರಿರ್ಬೇಕು, ಅಲ್ವಾ?"

ಬೆಳಿಗ್ಗೆ ಕೆರೆದ ತೂಬು ನೆನಪಾಯಿತು. ಎರಡು ಪಂಚಾಂಗ ಹೋಲಿಸಿ ಅಮಾವಾಸ್ಯೆಯನ್ನು ನಿಮಿಷದವರೆಗೆ ಗುರುತಿಸಿದ್ದ ನನಗೆ, ಅಮಾವಾಸ್ಯೆಯೆಂದರೆ ನೀರೂ ಹೌದು ಎಂಬುದು ಹೊಳೆದೇ ಇರಲಿಲ್ಲ. ಉಟ್ಟ ಪಂಚೆಯಲ್ಲೇ ಸೈಕಲ್ ಹತ್ತಿದೆ. ಎಲೆ ಬಿಟ್ಟು ಏಳಬಾರದೆಂದು ಸುಮತಿ ಹೇಳಿದ್ದು ಮೆಟ್ಟಿಲವರೆಗೂ ಕೇಳಿಸುತ್ತಿತ್ತು.

ನಾನು ತಲುಪಿದಾಗ ಖಾಡಿ ಒಡ್ಡಿನ ಹೆಗಲಿಗೆ ಬಂದಿತ್ತು. ತೂಬಿನ ಸಂದಿಯಿಂದ ಉಪ್ಪುನೀರು ಬೀಸಣಿಗೆಯಾಗಿ ಗದ್ದೆಗೆ ಚಿಮ್ಮುತ್ತಿತ್ತು. ಭತ್ತ ಆಗಷ್ಟೇ ತೆನೆ ಬಿಟ್ಟಿತ್ತು. ಗದ್ದೆಯ ಒಡತಿ ಹೀರಾಬಾಯಿ ಸೊಂಟದ ಮಟ್ಟ ನೀರಿನಲ್ಲಿ ನಿಂತು ಮಣ್ಣು ಒತ್ತುತ್ತಿದ್ದರು. ಒಡ್ಡಿನ ಮೇಲೆ ಅಡ್ಡಾಡುವ ನನ್ನನ್ನು ಅವರು ನೋಡಿ ಬಲ್ಲರು. "ಕಾಕಾ, ನೋಡ್ತಾ ನಿಲ್ಲಬೇಡಿ, ಮಣ್ಣು ಕೊಡಿ" ಎಂದು ಮರಾಠಿಯಲ್ಲಿ ಕೂಗಿದರು. ಕೊಟ್ಟೆ. ಬುಟ್ಟಿಯ ಮೇಲೆ ಬುಟ್ಟಿ ಕೊಟ್ಟೆ. ಸೋರಿಕೆ ನಿಧಾನವಾಗುತ್ತಿದ್ದಂತೆ ಅವರು ಉಸಿರು ಬಿಟ್ಟು, "ಹೇಗೆ ಬಿಟ್ಟುಹೋಯಿತೋ" ಎಂದರು. ಆಗ ಬಾಯಿ ತೆರೆದೆ. ನಿಜ ಹೇಳಲೆಂದೇ ತೆರೆದೆ. ಹೊರಬಂದ ಮಾತು: "ಏಡಿಗಳಿರಬಹುದು."

"ಏಡಿ ತೂತು ಕೊರೆಯುತ್ತದೆ ಕಾಕಾ, ಇಡೀ ಸಂದಿಯನ್ನು ಬರಿದು ಮಾಡುವುದಿಲ್ಲ" ಎಂದ ಆಕೆ ಅಲ್ಲಿಯ ಪದ್ಧತಿಯನ್ನೂ ಹೇಳಿದರು. ಪ್ರತಿ ಅಮಾವಾಸ್ಯೆ, ಹುಣ್ಣಿಮೆಯ ಹಿಂದಿನ ಸಂಜೆ ತೂಬಿಗೆ ಹೊಸ ಜೇಡಿ ಮೆತ್ತಬೇಕು. ಒಡ್ಡನ್ನು ಹಂಚಿಕೊಂಡ ಮನೆಗಳಿಗೆ ಸರದಿ ಇದೆ. ಈ ಬಾರಿಯ ಸರದಿ ಅವರ ಮೈದುನ ತುಕಾರಾಮನದು. ನಾನು ಐವತ್ತು ವರ್ಷದ್ದೆಂದು ತೀರ್ಪು ಕೊಟ್ಟ ಮಣ್ಣಿಗೆ ಆಗಿದ್ದ ವಯಸ್ಸು ಒಂದು ರಾತ್ರಿ.

ಅಷ್ಟರಲ್ಲಿ ತುಕಾರಾಮನೇ ಓಡಿಬಂದ. ಪಿತೃಗಳ ಊಟಕ್ಕೆಂದು ಹಾಕಿದ ಬಿಳಿ ಅಂಗಿಯಲ್ಲೇ ನೀರಿಗಿಳಿದ.

"ಮೆತ್ತಿದ್ದೆ ಅಂದೆಯಲ್ಲ ಭಾವೋಜಿ, ಎಲ್ಲಿಗೆ ಹೋಯಿತು? ನೀನು ಕುಡಿದಿದ್ದೆಯಾ, ಇಲ್ಲ ಮಣ್ಣನ್ನು ನೀರು ಕುಡಿಯಿತಾ?" ಎಂದು ಹೀರಾಬಾಯಿ ಮೈದುನನ ಮೇಲೆ ಎರಗಿದರು.

"ಅಪ್ಪನ ಎಲೆಯ ಮುಂದಿನಿಂದ ಎದ್ದು ಬಂದಿದ್ದೇನೆ ವೈನಿ. ಈ ದಿನ ಸುಳ್ಳು ಹೇಳ್ತೀನಾ? ನಿನ್ನೆ ಸಂಜೆ ಮೆತ್ತಿದ್ದೇನೆ" ಎಂದು ಅವನು ಅತ್ತಿಗೆಗೆ ಹೇಳಿದ.

"ಕಾಟಾಚಾರಕ್ಕೆ ಕೈ ಸವರಿ ಹೋಗಿದ್ದೀಯ. ನಾಳೆ ಎಲ್ಲರನ್ನೂ ಕೂರಿಸಿ ನಿನ್ನ ಸರದಿ ತೆಗೆಸುತ್ತೇನೆ. ಇನ್ನು ಈ ಒಡ್ಡಿನ ಮೇಲೆ ನಿನ್ನ ಕೈ ಬೇಡ."

ತುಕಾರಾಮನ ಮುಖ ಕಪ್ಪಿಟ್ಟಿತು. ಸರದಿ ಹೋದವನನ್ನು ಆ ಸಾಲಿನಲ್ಲಿ ರೈತನೆಂದು ಯಾರೂ ಲೆಕ್ಕಿಸುವುದಿಲ್ಲವೆಂಬುದು ಅದರಿಂದಲೇ ತಿಳಿಯುತ್ತಿತ್ತು. ನಾನು ಬುಟ್ಟಿ ಹಿಡಿದು ಅವರಿಬ್ಬರ ನಡುವೆ ನಿಂತಿದ್ದೆ. ತಪ್ಪು ಮಾಡಿದ್ದಕ್ಕಿಂತ ನಾಚಿಕೆಯ ಸಂಗತಿಯೆಂದರೆ, ಆ ಹೊತ್ತಿನಲ್ಲಿ ನಾನು ಮಾಡಿದ ಯೋಚನೆ: ಚಮಚ ಗುರುಸಿದ್ಧಪ್ಪನವರದು ಎಂಬುದೂ ಒಂದು ಅಂಶವಲ್ಲವೇ ಎಂದು ನನಗೆ ಅನ್ನಿಸಿತ್ತು.

ಕೊನೆಗೆ ಹೇಳಿದೆ. ಕಲ್ಲಿನಲ್ಲಿ ವರ್ಷ ಕೆತ್ತಿರಬಹುದೆಂಬ ಊಹೆ, ಅದನ್ನು ಪರಿಶೀಲಿಸುವ ಉದ್ದೇಶ ಎಂದು ಪೀಠಿಕೆ ಹಾಕಲು ಹೊರಟವನು, ಹೀರಾಬಾಯಿಯ ಕಣ್ಣು ನೋಡಿ, "ನಾನೇ ಕೆರೆದೆ. ಬೆಳಿಗ್ಗೆ. ಚಮಚದಿಂದ" ಎಂದು ಮುಗಿಸಿದೆ.

ಹೀರಾಬಾಯಿ, "ಓದಿದವರು" ಎಂದಷ್ಟೇ ಹೇಳಿ ಮಣ್ಣು ಒತ್ತುವುದನ್ನು ಮುಂದುವರಿಸಿದರು. ಬೈದಿದ್ದರೆ ಹಗುರಾಗುತ್ತಿತ್ತು. ತುಕಾರಾಮ ಮಾತ್ರ ನೀರಿನಲ್ಲಿ ನನ್ನ ಹತ್ತಿರ ಸರಿದು ಕೇಳಿದ: "ಕಾಕಾ, ಕೆರೆಯೋಕೆ ಎಷ್ಟು ಹೊತ್ತು ಹಿಡಿಯಿತು?"

"ಅರ್ಧ ಗಂಟೆ."

"ಕೇಳಿದಿರಾ ವೈನಿ? ಅರ್ಧ ಗಂಟೆ. ಕಾಟಾಚಾರದ್ದು ಅರ್ಧ ಗಂಟೆ ತಡೆಯುತ್ತದಾ? ಕಾಕಾ, ಇನ್ನೊಮ್ಮೆ ಹೇಳಿ."

ಇನ್ನೊಮ್ಮೆ ಹೇಳಿದೆ. ಸರದಿ ಉಳಿಯಿತು. ಗದ್ದೆಯ ತಗ್ಗಿನ ಮೂಲೆಯಲ್ಲಿ ಒಂದು ಪಟ್ಟಿ ಪೈರು ಮಾತ್ರ ಉಳಿಯಲಿಲ್ಲ. ಮುಂದಿನ ಭಾನುವಾರಗಳಲ್ಲಿ ಅದರ ತೆನೆಗಳು ಜೊಳ್ಳಾಗಿ ನೆಟ್ಟಗೆ ನಿಂತಿದ್ದವು. ಕಾಳಿದ್ದ ತೆನೆಗಳೆಲ್ಲ ತಲೆ ಬಾಗಿಸಿದ್ದ ಆ ಗದ್ದೆಯಲ್ಲಿ ಅವು ಅಷ್ಟು ದೂರದಿಂದಲೇ ಕಾಣುತ್ತಿದ್ದವು.

ಈಗಲೂ ಆ ದಾರಿಯಲ್ಲಿ ಹೋಗುತ್ತೇನೆ. ಹೋಗದೆ ತಪ್ಪಿಸಿಕೊಳ್ಳುವುದು ಇನ್ನೂ ಹೀನಾಯ. ನನ್ನ ಸೈಕಲ್ ಕಂಡರೆ ತುಕಾರಾಮ ಎಲ್ಲಿದ್ದರೂ ಕೈಬೀಸಿ ಕರೆಯುತ್ತಾನೆ. ಒಡ್ಡಿನ ಮೇಲೆ ಯಾರಾದರೂ ಹೊಸಬರು ಕೂತಿರುತ್ತಾರೆ. "ಇವರು ದೊಡ್ಡ ಸಂಶೋಧಕರು. ನಾನು ಮೆತ್ತಿದ ಜೇಡಿಯನ್ನು ಬಿಡಿಸಲು ಇವರಿಗೇ ಒಂದು ಗಂಟೆ ಹಿಡಿಯಿತು, ಕೇಳಿ ಬೇಕಾದರೆ" ಎನ್ನುತ್ತಾನೆ. ದೀಪಾವಳಿಯ ಹೊತ್ತಿಗೆ ಅದು ಒಂದೂವರೆ ಗಂಟೆಯಾಗಿತ್ತು. ಮೊನ್ನೆ ಎರಡು ಗಂಟೆ ಎಂದ; ಜೊತೆಗೆ ಚಮಚವನ್ನು ಕಬ್ಬಿಣದ ಹಾರೆ ಮಾಡಿದ. ಕೂತಿದ್ದವರು ಹೌದೇ ಎಂಬಂತೆ ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ.